ಶನಿವಾರದ ಕಾರಿಗೆ ಬಿಳಿ ಬಣ್ಣ

ನಮ್ಮ ಮನೆಯ ಕಾರಿಗೆ ಬಣ್ಣ ಹಚ್ಚುವ ಕೆಲಸ ನನ್ನ ಪಾಲಿಗೆ ಬಂದದ್ದು ನನಗೆ ರಂಗೋಲಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ನಾನು ಧಾರವಾಡದ ಕಡೆಯವಳು. ಎಳೆ ಎಳೆದರೆ ಕೈ ನಡುಗುವುದಿಲ್ಲ, ಅಷ್ಟು ಖರೆ. ಠಾಣೆಯ ವರ್ತಕ ನಗರದ ನಮ್ಮ ಫ್ಲ್ಯಾಟಿನ ಬಾಗಿಲ ಮುಂದೆ ಎರಡು ಚಪ್ಪಲಿ ಸ್ಟ್ಯಾಂಡುಗಳ ನಡುವೆ ಒಂದು ಮೊಳ ಜಾಗವಿದೆ. ಅಲ್ಲೇ ದಿನವೂ ಕೂತು ಎಳೆಯುತ್ತೇನೆ. ಒಂದು ಬೆಳಗ್ಗೆ ಮಾವ ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಇವತ್ತಾದರೂ ಹೊಗಳುತ್ತಾರೇನೋ ಎಂದುಕೊಂಡೆ.

"ಈ ಕೈ ತಗಡಿನ ಮೇಲೆ ನಡೀತದಾ?" ಎಂದು ಕೇಳಿದರು.

ಮಾವ ಉಡುಪಿ ಕಡೆಯವರು. ಮೀಸೆ ಬರುವ ಮೊದಲೇ ಇಲ್ಲಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಟೇಬಲ್ ಒರೆಸಿ, ಕೊನೆಗೆ ಗಲ್ಲಾದ ಮೇಲೆ ಕೂತು ನಿವೃತ್ತರಾದವರು. ನಿವೃತ್ತಿಯ ವರ್ಷ ಈ ಬಿಳಿ ಕಾರು ತೆಗೆದುಕೊಂಡರು. ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ನನ್ನ ಗಂಡ ಕಾಲೇಜಿನ ದಿನಗಳಲ್ಲಿ ಮಾವನ ಪಕ್ಕದಲ್ಲಿ ಕೂತು ಬೇರೆಯವರ ಕಾರಿನಲ್ಲಿ ಕಲಿಯಲು ಹೋಗಿ ಅರ್ಧಕ್ಕೇ ಬಿಟ್ಟವನು. "ಪಪ್ಪಾ ಬಾಜೂಗೆ ಕೂತರೆ ಸ್ಟೀರಿಂಗ್ ಕೂಡ ಘಾಬ್ರಿ ಆಗ್ತದೆ" ಎನ್ನುತ್ತಾನೆ. ನಾನು ಹಟ ಹಿಡಿದು ಕ್ಲಾಸಿಗೆ ಹೋಗಿ ಲೈಸೆನ್ಸ್ ತೆಗೆದೆ. ಆಮೇಲೆ ಒಂದೇ ಒಂದು ಸಲ ಮಾವನನ್ನು ಕೂರಿಸಿಕೊಂಡು ಗೇಟಿನವರೆಗೆ ಹೋದೆ. ಅವರು ಒಂದೊಂದು ಮಾರಿಗೂ ಹಲ್ಲುಸಂದಿಯಿಂದ ಉಸಿರು ಎಳೆದುಕೊಳ್ಳುತ್ತಿದ್ದರು, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದರು. ಗೇಟಿನಲ್ಲೇ ಇಳಿದು ಕೀಲಿಕೈ ಅವರ ಕೈಗೆ ಕೊಟ್ಟು ಲಿಫ್ಟ್ ಹತ್ತಿದೆ. ಲೈಸೆನ್ಸ್ ಇವತ್ತಿಗೂ ಪರ್ಸಿನಲ್ಲಿದೆ, ಗುರುತಿನ ಚೀಟಿಯಾಗಿ ಕೆಲಸಕ್ಕೆ ಬರುತ್ತದೆ.

ಕಾರು ಹೊರಗೆ ಹೋಗುವುದು ಶನಿವಾರ ಮಾತ್ರ, ಹೋಗುವುದು ಡೊಂಬಿವಲಿಗೆ ಮಾತ್ರ. ಅಲ್ಲಿ ಅತ್ತೆಯ ಭಜನೆ. ಊರಕಡೆಯ ಹೆಂಗಸರೆಲ್ಲ ಒಂದು ಹಾಲ್‌ನಲ್ಲಿ ಸೇರಿ ಮಧ್ಯಾಹ್ನವಿಡೀ ಹಾಡುತ್ತಾರೆ, ಆಮೇಲೆ ಅವಲಕ್ಕಿ ತಿನ್ನುತ್ತಾ ತುಳುವಿನಲ್ಲಿ ಲೋಕದ ವಿಚಾರಣೆ ನಡೆಸುತ್ತಾರೆ. ಅತ್ತೆಗೆ ಮೊಣಕಾಲು ನೋವು. ಠಾಣೆ ಸ್ಟೇಷನ್ನಿನ ಸೇತುವೆ ಹತ್ತುವುದು ಅವರ ಕೈಲಾಗುವುದಿಲ್ಲ, ಆ ಗರ್ದಿಯಲ್ಲಿ ಲೋಕಲ್ ಹತ್ತುವುದಂತೂ ದೂರದ ಮಾತು. ವಾರದ ಉಳಿದ ದಿನ ಅವರಿಗೆ ನಾನು, ಟಿವಿ, ಮತ್ತೆ ಸೊಪ್ಪಿನವಳು. ನಾನು ಸಂಜೆ ವಾಗ್ಳೆ ಎಸ್ಟೇಟಿನ ಆಫೀಸಿನಿಂದ ಬರುವವರೆಗೆ ಮನೆಯಲ್ಲಿ ಕನ್ನಡ ಮಾತಾಡುವವರು ಮಾವ ಒಬ್ಬರೇ, ಅವರು ಮಾತಾಡುವುದಿಲ್ಲ. ಶನಿವಾರ ತಪ್ಪಿತೆಂದರೆ ಅತ್ತೆ ಭಾನುವಾರವಿಡೀ ಗ್ಯಾಸ್ ಕಟ್ಟೆಯನ್ನು ಉಜ್ಜುತ್ತಲೇ ಇರುತ್ತಾರೆ.

ಮಾವನಿಗೆ ಈ ಶನಿವಾರದ ಬಗ್ಗೆ ಒಂದು ಹೆಮ್ಮೆ ಇತ್ತು. ಬಂದವರಿಗೆಲ್ಲ ಹೇಳುತ್ತಿದ್ದರು: "ಭಜನೆಗೆ ಡೊಂಬಿವಲಿಯವರೆಗೆ ಹೋಗ್ಬೇಕು ಅಂತ ಇಲ್ಲ. ನನ್ನ ಕಾರು ಮುಂಬ್ರಾ ಬೈಪಾಸ್ ಹತ್ತಿದ್ರೆ ಸಾಕು, ಇವಳು ಅಲ್ಲಿಂದಲೇ ಹಾಡ್ಲಿಕ್ಕೆ ಶುರು. ಶೀಲ್ ಫಾಟಾ ಇಳಿಯುವವರೆಗೆ ನಿಲ್ಲಿಸುವುದಿಲ್ಲ. ಅಷ್ಟು ಖುಷಿ ಅವಳಿಗೆ." ಇದನ್ನು ಹೇಳುವಾಗ ಅತ್ತೆ ಪಕ್ಕದಲ್ಲೇ ಇರುತ್ತಿದ್ದರು, ಸೆರಗು ಸರಿಮಾಡಿಕೊಳ್ಳುತ್ತಾ ಚಾ ತರಲು ಒಳಗೆ ಹೋಗುತ್ತಿದ್ದರು. ನಾಚಿಕೆ ಎಂದುಕೊಂಡಿದ್ದೆ.

ತಗಡಿನ ಮಾತಿಗೆ ಬರುತ್ತೇನೆ. ಕಾರಿನ ಮೇಲೆ ಅಲ್ಲಲ್ಲಿ ಬಣ್ಣ ಎದ್ದಿತ್ತು. ಬಂಪರಿನ ಮೂಲೆ, ಎಡಗಡೆಯ ಬಾಗಿಲ ಅಂಚು, ಹಿಂದಿನ ಚಕ್ರದ ಮೇಲ್ಭಾಗ. ಮೊದಲಿಗೆ ಉಗುರಿನಷ್ಟು, ಆಮೇಲೆ ಬೆರಳಿನುದ್ದ. ಮಾವನ ಮಾತಿನಲ್ಲಿ ಕಾರು ಎಂದೂ ಯಾವುದಕ್ಕೂ ತಾಗಲಿಲ್ಲ. ಎಲ್ಲವೂ ಕಾರಿಗೆ ಬಂದು ತಾಗಿದವು. ಟ್ರಕ್ಕಿನ ಚಕ್ರದಿಂದ ಕಲ್ಲು ಹಾರಿತು. ರಿಕ್ಷಾದವನು ಕಟ್ ಹೊಡೆದ. ನಮ್ಮ ಪಾರ್ಕಿಂಗಿನ ಕಂಬ ಅಡ್ಡ ಬಂತು. ಆ ಕಂಬ ಕಟ್ಟಡ ಕಟ್ಟಿದಾಗಿನಿಂದ ನಿಂತಲ್ಲೇ ನಿಂತಿದೆ.

ನನ್ನ ಗಂಡ ಮಹಾಪೆಯಲ್ಲಿ ಒಂದು ಕಂಪನಿಯ ಕ್ಯಾಂಟೀನ್ ನಡೆಸುತ್ತಾನೆ. ನಸುಕಿನಲ್ಲಿ ಹೋಗಿ ಕತ್ತಲಾದ ಮೇಲೆ ಬರುವವನಿಗೆ ಕಾರು ಕಾಣುವುದೇ ಅಪರೂಪ. ಆದರೂ ಒಂದು ಭಾನುವಾರ ಹಾಲು ತರಲು ಇಳಿದವನು ಬಂಪರ್ ನೋಡಿದ. ಮೇಲೆ ಬಂದು ಹಾಲು ಇಟ್ಟು ಹೇಳಿದ: "ಪಪ್ಪಾ, ಬಸ್ ಆಯ್ತು. ಕಲ್ಯಾಣದಲ್ಲಿ ನನ್ನ ಪಹಚಾನಿನವನು ಒಬ್ಬ ಗಾಡಿ ಕೇಳ್ತಾ ಇದ್ದಾನೆ. ಇನ್ನೊಂದು ಗೀರು ಕಂಡ್ರೆ ಬೇಚಿ ಹಾಕುವಾ. ಮಮ್ಮಿಗೆ ಶನಿವಾರ ಕ್ಯಾಬ್ ಮಾಡಿದ್ರಾಯ್ತು."

"ಬಾಡಿಗೆಯವನ ಗಾಡಿಯಲ್ಲಿ ಅವಳು ಹಾಡ್ತಾಳಾ?" ಎಂದರು ಮಾವ.

ಕ್ಯಾಬಿನ ಪರಿಸ್ಥಿತಿ ನನಗೂ ಗೊತ್ತು. ಡೊಂಬಿವಲಿ ಎಂದ ಕೂಡಲೇ ಕ್ಯಾನ್ಸಲ್ ಮಾಡುತ್ತಾರೆ; ಬಂದರೂ ಗೇಟಿನ ಹೊರಗೆ ನಿಂತು ಹಾರ್ನ್ ಬಾರಿಸುತ್ತಾರೆ. ಅತ್ತೆ ಕೋಲೂರಿಕೊಂಡು ಅಲ್ಲಿಯವರೆಗೆ ಹೋಗುವಷ್ಟರಲ್ಲಿ ಅವನ ತಾಳ್ಮೆ ಮುಗಿದಿರುತ್ತದೆ. ಒಂದು ಸಲ ಹಾಗೆ ಅರ್ಧ ದಾರಿಯಿಂದ ವಾಪಸ್ ಬಂದು ಅತ್ತೆ ತಾಳಗಳನ್ನು ಚೀಲದಿಂದ ತೆಗೆಯದೆ ಹಾಗೇ ಮೊಳೆಗೆ ನೇತುಹಾಕಿದ್ದರು. ಆದ್ದರಿಂದ ಮಾವ ಮರುದಿನ ನನ್ನ ರಂಗೋಲಿಯ ಮುಂದೆ ಬಂದು ನಿಂತಾಗ ನಾನು ಇಲ್ಲವೆನ್ನಲಿಲ್ಲ. ಮಾವನ ಮುಖ ನೋಡಿ ಅಲ್ಲ, ಆ ಚೀಲ ನೆನಪಾಗಿ ಒಪ್ಪಿದೆ.

ಬಿಳಿ ಎಂದರೆ ಬಿಳಿ ಎಂದುಕೊಂಡವಳು ನಾನು. ರಸ್ತೆ ಕೂಡುವ ನಾಕಾದ ಅಂಗಡಿಯಿಂದ ಒಂದು ಪುಟ್ಟ ಬಾಟಲಿ ಬಿಳಿ ತಂದು ಬಂಪರಿನ ಮೂಲೆಗೆ ಹಚ್ಚಿದೆ. ಒಣಗಿದ ಮೇಲೆ ನೋಡಿದರೆ ಹಳೆಯ ಧೋತರಕ್ಕೆ ಹೊಸ ತೇಪೆ ಹಾಕಿದಂತಿತ್ತು. ಮೊದಲು ಕೆಳಗೆ ಕೂತು ನೋಡಿದರೆ ಮಾತ್ರ ಕಾಣುತ್ತಿದ್ದ ಗೀರು ಈಗ ಗೇಟಿನಿಂದಲೇ ಕಾಣುತ್ತಿತ್ತು. ವಾಚ್‌ಮನ್ ದೂರದಿಂದಲೇ, "ಭಾಭೀ, ಕಬೂತರ್?" ಎಂದು ಕೇಳಿದ. ಪಾರಿವಾಳದ ಹಿಕ್ಕೆ ಎಂದು ತಿಳಿದು ಒರೆಸುವ ಬಟ್ಟೆಯನ್ನೂ ತಂದಿದ್ದ.

ನನಗೆ ಸಿಟ್ಟು ಬಂತು. "ಮಾವಾರ, ನಿಮ್ಮ ಕಾರು ಬೆಳ್ಳಗಿಲ್ಲರಿ. ಅದು ಹಳದಿ ಆಗೇತಿ" ಎಂದೆ.

"ಎಂತ ಹಳದಿ? ಬಿಳಿಯೇ" ಎಂದರು ಮಾವ, ಮಗುವಿಗೆ ಯಾರೋ ಕಾಮಾಲೆ ಎಂದಂತೆ ನೊಂದುಕೊಂಡು. ಆದರೆ ಎಷ್ಟೆಂದರೂ ಹೋಟೆಲಿನವರು, ಹಿಟ್ಟಿನ ಬಣ್ಣ ನೋಡಿ ಹುಳಿ ಹೇಳುವವರು. ಬಗ್ಗಿ ಸ್ವಲ್ಪ ಹೊತ್ತು ನೋಡಿದರು. "ಇದು ಇವತ್ತಿನ ಹಿಟ್ಟು, ಅದು ನಿನ್ನೆಯದ್ದು" ಎಂದು ಒಪ್ಪಿಕೊಂಡರು.

ವಿಚಾರಿಸಿದಾಗ ತಿಳಿಯಿತು, ಬಾಗಿಲಿನ ಒಳಗಡೆ ಒಂದು ಚೀಟಿಯ ಮೇಲೆ ಬಣ್ಣದ ನಂಬರ್ ಇರುತ್ತದಂತೆ. ನಮ್ಮ ಚೀಟಿಯ ನಂಬರನ್ನು ಮಾವ ಪ್ರತಿ ಶನಿವಾರ ಬಿಡದೆ ಒರೆಸಿ ಒರೆಸಿ ಅಳಿಸಿದ್ದರು. ಕೋಪರಖೈರಣೆಯಲ್ಲಿ ಒಬ್ಬನು ನೋಡಿ ಬಣ್ಣ ಬೆರೆಸಿಕೊಡುತ್ತಾನೆಂದು ಯಾರೋ ಹೇಳಿದರು, ಆದರೆ ಕಾರಿನದೇ ಒಂದು ತುಂಡು ಬೇಕಂತೆ. ಮಾವ ಸ್ಕ್ರೂಡ್ರೈವರ್ ತಂದು ಪೆಟ್ರೋಲ್ ಹಾಕುವ ಬಾಯಿಯ ಮುಚ್ಚಳವನ್ನೇ ಬಿಚ್ಚಿದರು. ಅದನ್ನು ಪಂಚೆಯ ತುಂಡಿನಲ್ಲಿ ಸುತ್ತಿ, ಟಿಫಿನ್ ಚೀಲದಲ್ಲಿ ಇಟ್ಟುಕೊಂಡು, ನಾವಿಬ್ಬರೂ ಠಾಣೆಯಿಂದ ವಾಶಿ ಲೋಕಲ್ ಹತ್ತಿದೆವು. ಗಂಡನ ಕ್ಯಾಂಟೀನ್ ಅಲ್ಲಿಂದ ದೂರವಿಲ್ಲ. ಕೋಪರಖೈರಣೆ ಸ್ಟೇಷನ್ನಿನಲ್ಲಿ ಇಳಿದ ಮೇಲೆ, ಮಗನ ಕಡೆಯವರಿಗೆ ಗುರುತು ಸಿಗಬಾರದೆಂದು ಮಾವ ಟೋಪಿ ಹಾಕಿಕೊಂಡರು. ಅಲ್ಲಿ ಬೇರೆ ಯಾರೂ ಟೋಪಿ ಹಾಕಿರಲಿಲ್ಲವಾದ್ದರಿಂದ ಎಲ್ಲರ ಕಣ್ಣೂ ಅವರ ಮೇಲೆಯೇ ಇತ್ತು.

ಅಂಗಡಿಯವನು ಬಿಳಿಯಲ್ಲಿ ಒಂದು ತೊಟ್ಟು ಹಳದಿ, ಒಂದು ಚೂರು ಕಪ್ಪು ಬೆರೆಸಿ, ಮುಚ್ಚಳಕ್ಕೆ ಹಚ್ಚಿ ಬಿಸಿಲಿಗೆ ಹಿಡಿದು, ಮತ್ತೆ ಬೆರೆಸಿದ. ಬಿಳಿಗೆ ಕಪ್ಪು ಹಾಕುವುದನ್ನು ನೋಡಿ ಮಾವ ಅಂಗಡಿಯಿಂದ ಹೊರಗೆ ಹೋಗಿ ನಿಂತರು. ಆದರೆ ಬಣ್ಣ ಕೂಡಿತು. ಅವನು ಇನ್ನೊಂದು ಬಾಟಲಿಯನ್ನೂ ಕೊಟ್ಟ: ಅದು ಬಣ್ಣದ ಮೇಲೆ ಹಚ್ಚುವ ಹೊಳಪಿನ ವಾರ್ನಿಶ್. ತೆಳ್ಳಗೆ ಹಚ್ಚಬೇಕು, ಎರಡು ದಿನ ಮುಟ್ಟಬಾರದು ಎಂದ.

ಅಂದಿನಿಂದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನನಗೆ ಪಾರ್ಕಿಂಗಿನಲ್ಲಿ ಡ್ಯೂಟಿ. ಅತ್ತೆಯೂ ಗಂಡನೂ ಮಲಗಿರುತ್ತಾರೆ ಎಂಬ ಲೆಕ್ಕ. ಗೀರನ್ನು ಸೋಪಿನ ನೀರಿನಿಂದ ತೊಳೆಯುವುದು, ತುಕ್ಕು ಹಿಡಿದಿದ್ದರೆ ನಯವಾದ ಮರಳುಕಾಗದ ಒದ್ದೆ ಮಾಡಿ ಉಜ್ಜುವುದು, ಸುತ್ತ ಟೇಪು ಅಂಟಿಸುವುದು. ಆಮೇಲೆ ಹಲ್ಲುಕಡ್ಡಿಯ ತುದಿಯಿಂದ ಬಣ್ಣ ತುಂಬುವುದು. ಬಾಟಲಿಯ ಜೊತೆಗೆ ಬರುವ ಬ್ರಷ್ಷನ್ನು ಮುಟ್ಟಲೇಬಾರದು. ಅದರಲ್ಲಿ ಹಚ್ಚಿದರೆ ಗುಡ್ಡ ಏಳುತ್ತದೆ. ತೆಳುವಾಗಿ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ. ಮಾವ ಪಕ್ಕದಲ್ಲಿ ಮುಕ್ಕಾಲಿಯ ಮೇಲೆ ಕೂತು ಬಾಟಲಿ ಅಲ್ಲಾಡಿಸುತ್ತಿದ್ದರು. ನನ್ನ ಕೈ ತಗಡಿನ ಹತ್ತಿರ ಹೋದಾಗಲೆಲ್ಲ ಹಲ್ಲುಸಂದಿಯಿಂದ ಉಸಿರು ಎಳೆದುಕೊಳ್ಳುತ್ತಿದ್ದರು.

"ಮಾವಾರ, ಹಂಗ ಮಾಡಬ್ಯಾಡ್ರಿ. ಕೈ ಜರೀತದ."

"ನಾನು ಎಂತ ಮಾಡಿದೆ? ಉಸಿರಾಡಿದ್ದು."

ಕೆಲಸ ಚೆನ್ನಾಗಿಯೇ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನಾನು ಒಂದು ಮುಚ್ಚಿದರೆ ಶನಿವಾರ ಇನ್ನೊಂದು ತರುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ನನ್ನ ಕಥೆ. ಕಲ್ಲು ಹಾರಿದ್ದು ಯಾವುದು, ಡಿವೈಡರ್ ಉಜ್ಜಿದ್ದು ಯಾವುದು ಎಂದು ಈಗ ನನಗೆ ಕೈಯಿಂದ ಸವರಿದರೇ ತಿಳಿಯುತ್ತಿತ್ತು. ಕಲ್ಲಿನದು ಚುಕ್ಕೆ. ಮಾವನದು ಗೆರೆ. ಗೆರೆಗಳೆಲ್ಲ ಎಡಗಡೆಗೇ ಇದ್ದವು, ಅಂದರೆ ಅತ್ತೆ ಕೂರುವ ಕಡೆಗೆ. ಇದು ಗೊತ್ತಾದ ದಿನ ಹಲ್ಲುಕಡ್ಡಿ ಹಿಡಿದುಕೊಂಡೇ ಕೇಳಿದೆ: "ಎಡಗಣ್ಣು ಸರಿ ಕಾಣತೈತಿ ಹೌದಿಲ್ಲೋ?"

"ನಿನಗೆ ಬಣ್ಣದ ಕೆಲಸ ಕೊಟ್ಟದ್ದು. ಕಣ್ಣಿನದ್ದಲ್ಲ" ಎಂದರು ಮಾವ. ಬಾಟಲಿ ಅಲ್ಲಾಡಿಸುವುದನ್ನು ಮಾತ್ರ ನಿಲ್ಲಿಸಿದರು.

ನವರಾತ್ರಿ ಬಂತು. ಆಯುಧಪೂಜೆಯ ದಿನ ಗಂಡ ಬೆಳಗ್ಗೆ ಕ್ಯಾಂಟೀನಿನ ಗ್ರೈಂಡರು, ಒಲೆ, ಸಟ್ಟುಗಗಳಿಗೆ ಪೂಜೆ ಮಾಡಿ ಮನೆಗೆ ಬರುತ್ತಾನೆ, ಆಮೇಲೆ ಕಾರಿನ ಪೂಜೆ. ಈ ಸಲ ಮುಂಚೆಯೇ ಹೇಳಿಬಿಟ್ಟ: "ಪೂಜೆ ದಿನ ನಾನೇ ಗಾಡಿ ಸುತ್ತ ಹೋಗಿ ನೋಡ್ತೇನೆ. ಬೆಳಕಲ್ಲಿ. ಹೊಸ ಗೀರು ಇದ್ರೆ ದಸರಾ ಮುಗಿದ ಕೂಡಲೇ ಕಲ್ಯಾಣದವನಿಗೆ ಕೀಲಿಕೈ."

ಅದಕ್ಕೂ ಮುಂಚಿನ ಶನಿವಾರ ಕಟಾಯಿ ನಾಕಾದ ಹತ್ತಿರ ಒಂದು ಬ್ಯಾರಿಕೇಡ್ ಕಾರಿಗೆ ಬಂದು ತಾಗಿತು. ಎಡಗಡೆಯ ಎರಡೂ ಬಾಗಿಲ ಮೇಲೆ ಮೊಳಕೈ ಉದ್ದದ ಗೆರೆ. ಭಾನುವಾರ ಮಳೆ ಹೊಡೆಯಿತು. ಪಾರ್ಕಿಂಗಿನೊಳಗೆಲ್ಲ ನೀರು, ಬಣ್ಣ ಹಚ್ಚಲು ಆಗಲಿಲ್ಲ. ಮರುದಿನ ಆಫೀಸಿನಿಂದ ಬಂದವಳೇ ಚಪ್ಪಲಿ ಸಹಿತ ಕೂತು ತುಂಬಿದೆ. ಅದರ ಮರುದಿನ ಸಂಜೆ, ಅಲ್ಲಿಯವರೆಗೆ ತೆರೆಯದೆ ಇಟ್ಟಿದ್ದ ವಾರ್ನಿಶ್. ಬೆಳಗಾದರೆ ಪೂಜೆ. ಎರಡು ದಿನ ಮುಟ್ಟಬಾರದು ಎಂದಿದ್ದ ಅಂಗಡಿಯವನ ಮಾತು ನನಗೆ ನೆನಪಿತ್ತು. ಯಾರು ಮುಟ್ಟುತ್ತಾರೆ, ನೋಡುವುದಷ್ಟೇ ಅಲ್ಲವೇ ಎಂದುಕೊಂಡೆ.

ಹೊಸ ಗೆರೆ ಮುಚ್ಚಿತು, ಆದರೆ ವಾರ್ನಿಶ್ಶಿನಿಂದ ಅದೊಂದೇ ಫಳಫಳ ಎನ್ನತೊಡಗಿತು. ಮಾವ ಗಾಬರಿಯಾದರು. "ಒಂದಕ್ಕೇ ಹೊಳಪು ಕೊಟ್ರೆ ಅವನಿಗೆ ಗೊತ್ತಾಗ್ತದೆ. ಹಳೆಯ ಜಾಗಗಳಿಗೂ ಹಚ್ಚು. ಎಲ್ಲದಕ್ಕೂ. ಧಾರಾಳ ಹಚ್ಚು, ಮಸಾಲೆ ದೋಸೆಗೆ ಬೆಣ್ಣೆ ಹಾಕಿದ ಹಾಗೆ." ನಾನು ಬೇಡವೆಂದೆ. ಅವರು ಬಾಟಲಿ ಕಿತ್ತುಕೊಂಡು ತಾವೇ ಹಚ್ಚಲು ಬಗ್ಗಿದರು. ಮೊದಲ ತೊಟ್ಟೇ ಟೈರಿನ ಮೇಲೆ ಬಿತ್ತು. ನಾನು ಬಾಟಲಿ ತೆಗೆದುಕೊಂಡು ಮುಂದಿನ ಬಂಪರಿನಿಂದ ಹಿಂದಿನ ಚಕ್ರದವರೆಗೆ, ನಾನು ಎಂದೆಂದಿಗೋ ಮುಚ್ಚಿದ್ದ ಎಲ್ಲಕ್ಕೂ ಹಚ್ಚಿದೆ. ಧಾರಾಳವಾಗಿಯೇ ಹಚ್ಚಿದೆ.

ಬೆಳಗ್ಗೆ ಗಂಡ ಬಂದ. ಹಣೆಯ ಮೇಲೆ ಕ್ಯಾಂಟೀನಿನ ಕುಂಕುಮ. ಮುಂದಿನಿಂದ ಶುರುಮಾಡಿ ಬಗ್ಗಿ, ಎದ್ದು, ಮೊಬೈಲಿನ ಟಾರ್ಚ್ ಹಾಕಿ ಕಾರಿನ ಸುತ್ತ ಒಂದು ಸುತ್ತು ಬಂದ. ಮಾವ ಊದುಬತ್ತಿಯ ಪೊಟ್ಟಣವನ್ನು ತೆರೆಯಲೂ ಆಗದೆ ಹಾಗೇ ಹಿಡಿದುಕೊಂಡು ನಿಂತಿದ್ದರು. ನಾನು ಚೆಂಡುಹೂವಿನ ಮಾಲೆಯ ಸಿಕ್ಕು ಬಿಡಿಸುತ್ತಿದ್ದೆ. ಅದರಲ್ಲಿ ಸಿಕ್ಕೇ ಇರಲಿಲ್ಲ.

"ಸಾಫ್ ಇದೆ" ಎಂದ ಗಂಡ. ಅವನಿಗೇ ಸ್ವಲ್ಪ ಆಶ್ಚರ್ಯ; ಹಳೆಯ ಗೀರನ್ನು ಮಾವ ಯಾವುದೋ ಗ್ಯಾರೇಜಿನಲ್ಲಿ ಸರಿಮಾಡಿಸಿದರೆಂದುಕೊಂಡಿರಬೇಕು. "ಏಕದಂ ಸಾಫ್. ಪಪ್ಪಾ, ಮಾನ್‌ನಾ ಪಡೇಗಾ."

ಮಾವ ಊದುಬತ್ತಿ ಹಚ್ಚಿದರು. ನನ್ನ ಕಡೆ ನೋಡಲಿಲ್ಲ, ಆದರೆ ಹಚ್ಚಿದ ಊದುಬತ್ತಿಗಳಲ್ಲಿ ಎರಡು ನನಗೆ ಕೊಟ್ಟರು. ಅವರ ಲೆಕ್ಕದಲ್ಲಿ ಅದು ಶಭಾಸ್‌ಗಿರಿ.

ಆಗ ಅತ್ತೆ ತಟ್ಟೆ ಹಿಡಿದು ಲಿಫ್ಟಿನಿಂದ ಇಳಿದರು. ಗಾಡಿಗೆ ಹಚ್ಚುವ ಕುಂಕುಮವನ್ನು ಅತ್ತೆ ತೆಂಗಿನೆಣ್ಣೆಯಲ್ಲಿ ಕಲಸುತ್ತಾರೆ. ಒಣ ಕುಂಕುಮ ದಾರಿಯಲ್ಲಿ ಉದುರಿಹೋಗುತ್ತದೆ, ಪೂಜೆ ಮಾಡಿದ್ದು ವ್ಯರ್ಥ ಎಂಬುದು ಅವರ ಮನೆಯ ಕ್ರಮ. ಬಾನೆಟ್ಟಿನ ಮೇಲೆ ಸ್ವಸ್ತಿಕ ಬರೆದರು. ಸ್ಟೀರಿಂಗಿಗೆ ಒಂದು ಬೊಟ್ಟು, ನಾಲ್ಕು ಚಕ್ರಕ್ಕೆ ನಾಲ್ಕು. ಮುಗಿಯಿತೆಂದು ಗಂಡ ತೆಂಗಿನಕಾಯಿ ಎತ್ತಿಕೊಂಡ. ಅತ್ತೆ ಮುಗಿಸಲಿಲ್ಲ. ಕೋಲನ್ನು ಕಂಬಕ್ಕೆ ಒರಗಿಸಿ ಮುಂದಿನ ಬಂಪರಿನ ಮೂಲೆಗೆ ಹೋದರು, ನಾನು ಮೊಟ್ಟಮೊದಲು ತುಂಬಿದ್ದ ಜಾಗಕ್ಕೆ ಹೆಬ್ಬೆರಳಿನಿಂದ ಒತ್ತಿ ಒಂದು ಬೊಟ್ಟು ಇಟ್ಟರು.

"ಮಮ್ಮಿ, ಅಲ್ಲಿ ಯಾಕೆ?" ಎಂದ ಗಂಡ.

"ಇದು ಮಾಜಿವಾಡಾದಲ್ಲಿ ಆದದ್ದು" ಎಂದರು ಅತ್ತೆ. ಮುಂದಿನ ಜಾಗಕ್ಕೆ ಸರಿದರು. "ಇದು ಖಾರೆಗಾಂವ್‌ನಲ್ಲಿ." ಬಾಗಿಲಿಗೆ ಬಂದರು. "ಇದು ಬೈಪಾಸ್‌ನಲ್ಲಿ, ಕಂಟೇನರ್ ಬಂತಲ್ಲ, ಆಗ. ಇದೂ ಬೈಪಾಸೇ. ಇದು ಮೊನ್ನೆಯದ್ದು, ಕಟಾಯಿ ನಾಕಾ." ಉದ್ದದ ಗೆರೆಗೆ ಒಂದು ಬೊಟ್ಟು ಸಾಲದೆಂದು ಸಾಲಾಗಿ ಇಡುತ್ತಾ ಹೋದರು. ಪುರೋಹಿತರು ಗೋತ್ರ ಹೇಳುವಷ್ಟು ಸಮಾಧಾನದಿಂದ ಹೇಳಿದರು. ಕೊನೆಗೆ ಹಿಂದಿನ ಚಕ್ರದ ಮೇಲೆ ಒತ್ತಿ, "ಇದು ಇಲ್ಲಿಯೇ, ಈ ಕಂಬ" ಎಂದು ಕೈ ಒರೆಸಿಕೊಂಡರು. ಒಂದೂ ಬಿಟ್ಟಿರಲಿಲ್ಲ. ನಾನು ಮರೆತಿದ್ದ ಒಂದೆರಡಕ್ಕೂ ಇಟ್ಟಿದ್ದರು.

ಬಿಳಿ ಕಾರಿಗೆ ಮೈತುಂಬ ಕೆಂಪು. ಗಂಡ ತೆಂಗಿನಕಾಯಿ ಹಿಡಿದುಕೊಂಡು ನಿಂತುಬಿಟ್ಟ.

"ನಿನಗೆ ಹೇಗೆ ಗೊತ್ತು?" ಎಂದರು ಮಾವ.

"ಹೇಗೆ ಗೊತ್ತು ಅಂದ್ರೆ? ಪಕ್ಕದಲ್ಲಿ ಕೂತದ್ದು ನಾನಲ್ವಾ?" ಎಂದರು ಅತ್ತೆ. "ತಾಗಿದ್ದಲ್ಲಿಗೇ ಅಲ್ವಾ ದೇವರು ಬೇಕಾದ್ದು? ಸ್ಟೀರಿಂಗಿಗೆ ಇಟ್ಟು ಎಂತ ಮಾಡುವುದು?"

"ಇಷ್ಟು ದಿನ ಬೋಲೀ ಕ್ಯೂಂ ನಹೀಂ ಮಮ್ಮಿ?" ಗಂಡ ರೇಗಿದರೆ ಕನ್ನಡ ಬಿಟ್ಟುಹೋಗುತ್ತದೆ.

"ಹೇಳಿದ್ರೆ ನೀನು ಗಾಡಿ ಮಾರ್ತಿ. ಶನಿವಾರ ಅಂತ ನನಗೆ ಒಂದು ಉಂಟು, ಅದೂ ಹೋಗ್ತದೆ. ಹೆದರಿಕೆಯಾದ್ರೆ ಕಣ್ಣು ಮುಚ್ಚಿದ್ರಾಯ್ತು. ಬೈಪಾಸ್ ಬಂದ ಕೂಡಲೇ ನಾನು ಕಣ್ಣು ಮುಚ್ಚಿ ಭಜನೆ ಶುರು ಮಾಡ್ತೇನೆ. ಶೀಲ್ ಫಾಟಾ ಬಂತು ಅಂದ್ರೆ ನಿಲ್ಲಿಸ್ತೇನೆ. ಡೊಂಬಿವಲಿಯಲ್ಲಿ ಆಮೇಲೆ ಹಾಡ್ಲಿಕ್ಕೆ ಸ್ವರವೇ ಇರುವುದಿಲ್ಲ ಮಾರಾಯ್ತಿ." ಕೊನೆಯ ಮಾತನ್ನು ಮಾವನ ಕಡೆ ನೋಡಲಾರದೆ ನನಗೆ ಹೇಳಿದರು.

ಮಾವ ಅತ್ತೆಯನ್ನೇ ನೋಡುತ್ತಿದ್ದರು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಬಂಪರಿನ ಬೊಟ್ಟನ್ನು ಒರೆಸಲು ಹೋದರು. ಅದು ಹೋಗಲಿಲ್ಲ. ಹಸಿ ವಾರ್ನಿಶ್ಶಿಗೆ ಎಣ್ಣೆ ಕುಂಕುಮ ಕಚ್ಚಿಕೊಂಡಿತ್ತು, ಉಜ್ಜಿದಷ್ಟೂ ಒಳಗಿಳಿಯಿತು. ಇನ್ನೊಂದನ್ನು ಉಜ್ಜಿದರು, ಅದೂ ಹಾಗೆಯೇ. ಹಾಗೆ ಒಂದೊಂದನ್ನೇ ಉಜ್ಜುತ್ತಾ, ಟವೆಲ್ ಕೆಂಪು ಮಾಡಿಕೊಳ್ಳುತ್ತಾ ಮಾವ ತಮ್ಮ ಕಾರಿನ ಸುತ್ತ ಪೂರ್ತಿ ಬಂದರು. ನಾವು ಯಾರೂ ತಡೆಯಲಿಲ್ಲ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು, ಅವರು ಹತ್ತಿ ಒಂದಿಷ್ಟು ಮುಂದೆ ಬಿಟ್ಟು ಅವನ್ನು ಚಿಟ್ ಅನ್ನಿಸಬೇಕಿತ್ತು. ಅವರು ಹತ್ತಲಿಲ್ಲ. ಕೀಲಿಕೈ ಹಿಡಿದುಕೊಂಡು ಲಿಫ್ಟಿನ ಕಡೆ ನಡೆದರು.

ಮೇಲೆ ಬಂದು ಗಂಡ ಮೊಬೈಲ್ ತೆಗೆದ. "ಕಲ್ಯಾಣದವನಿಗೆ ಫೋನ್ ಮಾಡ್ತೇನೆ" ಎಂದ.

ನನಗೆ ತಲೆ ಕೆಟ್ಟಿತು. "ಮಾಡ್ರಿ. ಮಾರಿ ಬರ್ರಿ. ಆಮ್ಯಾಲೆ ಪ್ರತಿ ಶನಿವಾರ ನಿಮ್ಮ ಅವ್ವನ್ನ ಹೆಗಲ ಮ್ಯಾಲೆ ಕುಂಡ್ರಿಸ್ಕೊಂಡು ಡೊಂಬಿವಲಿಗೆ ಒಯ್ರಿ. ದಾರಿಯೊಳಗ ಭಜನಿ ನೀವ ಹಾಡ್ರಿ" ಎಂದೆ. ಅವನು ಫೋನನ್ನು ಕಿಸೆಗೆ ಹಾಕಿಕೊಂಡ.

ಆಯುಧಪೂಜೆಗೆ ಇಟ್ಟ ಸಾಮಾನನ್ನು ದಶಮಿಯ ಪೂಜೆಯವರೆಗೆ ಯಾರೂ ಮುಟ್ಟುವಂತಿಲ್ಲ. ದೇವರ ಮುಂದೆ ಮಣೆಯ ಮೇಲೆ ಈಳಿಗೆಮಣೆ, ಕತ್ತರಿ, ನನ್ನ ಪೆನ್ನು, ಗಂಡನ ಒಂದು ಸಟ್ಟುಗ, ಅತ್ತೆಯ ತಾಳ, ನಡುವೆ ಕಾರಿನ ಕೀಲಿಕೈ. ಮಾವ ಆ ದಿನವಿಡೀ ದೇವರಕೋಣೆಯ ಎದುರಿಗೇ ಕುರ್ಚಿ ಹಾಕಿ ಕೂತಿದ್ದರು. ಊಟಕ್ಕೆ ಕರೆದರೆ ಬಂದರು, ಹೋಳಿಗೆ ಬಡಿಸಿದರೆ ತಿಂದರು. ಅತ್ತೆ ಹತ್ತಿರ ಹೋಗಿ ತುಳುವಿನಲ್ಲಿ, ಬೇಸರವಾಯಿತಾ ಎಂದು ಕೇಳಿದರು. ನನಗೆ ತುಳು ಅರ್ಥವಾಗುತ್ತದೆಂದು ಅವರಿಬ್ಬರೂ ಆಗಾಗ ಮರೆಯುತ್ತಾರೆ. ಮಾವ ಕೀಲಿಕೈ ನೋಡುತ್ತಲೇ ಅಂದರು, "ನೀನು ಖುಷಿಗೆ ಹಾಡುವುದು ಅಂತ ನಾನು ಎಲ್ಲರಿಗೂ ಹೇಳಿದೆನಲ್ಲ."

ದಶಮಿಯ ಬೆಳಗ್ಗೆ ಮಂಗಳಾರತಿ ಆಯಿತು. ಅವರವರ ಆಯುಧ ಅವರವರು ಎತ್ತಿಕೊಳ್ಳಬೇಕು. ಗಂಡ ಸಟ್ಟುಗ ತೆಗೆದುಕೊಂಡ, ಅತ್ತೆ ತಾಳ, ನಾನು ಪೆನ್ನು. ಕೀಲಿಕೈ ಮಣೆಯ ಮೇಲೆಯೇ ಇತ್ತು. ಮಾವ ಅದನ್ನು ಎತ್ತಿದರು, ಕಣ್ಣಿಗೆ ಒತ್ತಿಕೊಂಡರು, ನನ್ನ ಮುಂದೆ ಹಿಡಿದರು.

"ಉಪವನ ಕೆರೆಯ ಸುತ್ತ ಎರಡು ದಿನ ಓಡಿಸಿ ಅಭ್ಯಾಸ ಮಾಡು. ಶನಿವಾರ ಉಂಟಲ್ಲ" ಎಂದರು.

"ನೀವು ಹಿಂದ ಕೂಡಬೇಕು" ಎಂದೆ. "ಉಸಿರು ಎಳಕೊಳ್ಳೂಹಂಗಿಲ್ಲ."

"ಬಿಡ್ಲಿಕ್ಕಾದ್ರೂ ಉಂಟಾ?"

ನಾನು ಮೊದಲು ಮಾಡಿದ ಕೆಲಸ, ಬಾಡಿದ ನಿಂಬೆಹಣ್ಣುಗಳ ಮೇಲೆ ಕಾರು ಹತ್ತಿಸಿದ್ದು. ಎರಡನೆಯದು, ಪಾರ್ಕಿಂಗಿನಿಂದ ತಿರುಗಿಸುವಾಗ ಕಂಬಕ್ಕೆ ಉಜ್ಜಿದ್ದು. ಇಳಿದು ನೋಡಿದೆ. ಕಂಬ ಅಡ್ಡ ಬಂತು ಎಂದೆ. ಮಾವ ಹೂಂ ಎಂದರು. ಆ ಕಂಬದ ಸ್ವಭಾವ ಅವರಿಗೆ ಗೊತ್ತು. ಮರುದಿನ ಸಂಜೆ ನಾನು ಆಫೀಸಿನಿಂದ ಬಂದಾಗ ಮಾವ ಮುಕ್ಕಾಲಿಯ ಮೇಲೆ ಕೂತು ಹಲ್ಲುಕಡ್ಡಿಯಿಂದ ಬಣ್ಣ ತುಂಬುತ್ತಿದ್ದರು. ಗುಡ್ಡ ಎದ್ದಿತ್ತು.

ಶನಿವಾರ ಹೊರಟೆವು. ಅತ್ತೆ ನನ್ನ ಪಕ್ಕದಲ್ಲಿ, ತಾಳದ ಚೀಲ ಮಡಿಲಲ್ಲಿ. ಮಾವ ಹಿಂದೆ, ನಟ್ಟನಡುವೆ. ಕಾರಿನ ಕೆಂಪು ಬೊಟ್ಟುಗಳು ಇನ್ನೂ ಹಾಗೆಯೇ ಇದ್ದವು. ಸಿಗ್ನಲ್ಲಿನಲ್ಲಿ ಒಬ್ಬ ರಿಕ್ಷಾದವನು ಕಾರಿಗೆ ಕೈಮುಗಿದ. ಮಾಜಿವಾಡಾ ದಾಟಿದೆವು, ಖಾರೆಗಾಂವ್ ದಾಟಿದೆವು. ಬೈಪಾಸಿನ ಏರು ಶುರುವಾಯಿತು. ಪಕ್ಕದಲ್ಲಿ ಕಂಟೇನರ್, ಮುಂದೆ ಕಂಟೇನರ್. ಈಗ ಶುರುಮಾಡುತ್ತಾರೆ, ಈಗ ಶುರುಮಾಡುತ್ತಾರೆ ಎಂದು ನನ್ನ ಕಿವಿಯೆಲ್ಲ ಅತ್ತೆಯ ಕಡೆಗಿತ್ತು. ಹಾಡಿದರೆ ನಾನೂ ಮಾವನ ಲೆಕ್ಕಕ್ಕೇ ಸೇರಿದೆ ಎಂದರ್ಥ, ಇಲ್ಲಿಯೇ ಇಳಿದುಬಿಡುತ್ತೇನೆ ಎಂದುಕೊಂಡೆ, ಸಿಟ್ಟೇ ಬಂದಿತ್ತು. ಅತ್ತೆ ಹಾಡಲಿಲ್ಲ. ಕಿಟಕಿಯಿಂದ ಕೆಳಗೆ ನೋಡುತ್ತಿದ್ದರು. "ಅಯ್ಯೋ, ಇಲ್ಲಿಂದ ಸಮುದ್ರದ ಖಾಡಿ ಕಾಣ್ತದೆ!" ಎಂದರು. ಇಷ್ಟು ವರ್ಷ ಅದೇ ದಾರಿಯಲ್ಲಿ ಹೋದವರು.

ಆಗ ಹಿಂದಿನಿಂದ ಸಣ್ಣ ಸ್ವರ ಕೇಳಿತು. ಡೊಂಬಿವಲಿಯ ಹಾಲ್‌ನಲ್ಲಿ ಎಂದೂ ಒಳಗೆ ಕೂರದೆ, ಹೊರಗೆ ಚಾ ಕುಡಿಯುತ್ತಾ ಕಾಯುವ ಮಾವ. ಅವರು ಹಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಅತ್ತೆಯ ಭಜನೆಯನ್ನೇ ಹಾಡುತ್ತಿದ್ದರು, ಶ್ರುತಿ ಇಲ್ಲ, ಆದರೆ ಒಂದು ಪದವೂ ತಪ್ಪಿಲ್ಲ. ಕನ್ನಡಿಯಲ್ಲಿ ನೋಡಿದೆ. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದರು.

ಅತ್ತೆ ಹಿಂದೆ ತಿರುಗಲಿಲ್ಲ. ಚೀಲದಿಂದ ತಾಳ ತೆಗೆದು, ಹೆಗಲ ಮೇಲಿನಿಂದ ಕೈ ಚಾಚಿ ಮಾವನಿಗೆ ಕೊಟ್ಟರು.